ಮೇಲಿನ ಹೊಲದ ಮಣ್ಣು, ಕೆಳಗಿನ ಬಾವಿಯ ನೀರು

ಪ್ರೀತಿಯ ಗೆಳೆಯರೇ,

ನಿಮ್ಮ ಕಾಗದ ತಲುಪಿತು. ಮಧುಗಿರಿ ಸೀಮೆಯಲ್ಲಿರುವ ನಾಲ್ಕು ಎಕರೆ ಬೆದ್ದಲನ್ನು ಏನು ಮಾಡುವುದೆಂದು ಕೇಳಿದ್ದೀರಿ. ಬೋರ್ ಕೊರೆಸಿ ಅಡಿಕೆ ಹಾಕು ಎನ್ನುವವರು ಒಂದು ಕಡೆ, ಮಾರಿ ತುಮಕೂರಿನಲ್ಲಿ ಸೈಟು ತೆಗೆದುಕೋ ಎನ್ನುವವರು ಇನ್ನೊಂದು ಕಡೆ. ನಿಮ್ಮ ಮನಸ್ಸು ಮಾತ್ರ ತಂದೆಯವರು ನಡೆಸಿದ್ದ ಬೇಸಾಯದತ್ತಲೇ ಎಳೆಯುತ್ತಿದೆ: ರಾಗಿ, ಕಡಲೆಕಾಯಿ, ನಡುವೆ ಕಾಳಿನ ಅಕ್ಕಡಿ ಸಾಲು, ಕೊಟ್ಟಿಗೆಯಲ್ಲಿ ಎರಡು ಹಸು, ಹತ್ತು ಕುರಿ, ಬದುವಿನ ಮೇಲೆ ಹುಣಸೆ, ಹೊಂಗೆ. ‘ಈ ಕಾಲದಲ್ಲಿ ಅದರಲ್ಲಿ ಲಾಭ ಇದೆಯೇ?’ ಎಂದು ಕೇಳಿ ಕಾಗದ ಮುಗಿಸಿದ್ದೀರಿ.

ಇದೆ ಎಂದೇ ನನ್ನ ನಂಬಿಕೆ. ಆದರೆ ಆ ಲಾಭ ಎಣಿಸುವಾಗ ನಾವು ಒಂದು ಬೆಳೆಯ ಇಳುವರಿಗೆ ಒಂದು ಬೆಲೆ ಗುಣಿಸಿ ಕೈತೊಳೆದುಕೊಳ್ಳುತ್ತೇವೆ. ಬದುವಿನಾಚೆ ಏನಾಯಿತೆಂದು ನೋಡುವುದೇ ಇಲ್ಲ. ಸಣ್ಣ ರೈತರ ಮಿಶ್ರ ಬೇಸಾಯ ಕೊಡುವುದರಲ್ಲಿ ದೊಡ್ಡ ಪಾಲು ಆ ಬದುವಿನಾಚೆಯೇ ಇದೆ. ಹಾಗಾಗಿ ಉತ್ತರ ಸ್ವಲ್ಪ ಉದ್ದವಾಗುತ್ತದೆ, ಸಮಾಧಾನದಿಂದ ಓದಿ.

ಮೊದಲು ನಿಮ್ಮ ಹೊಲ ಎಲ್ಲಿದೆ ಎಂದು ನೋಡೋಣ. ಪಹಣಿಯಲ್ಲಿ ಅದಕ್ಕೊಂದು ಸರ್ವೆ ನಂಬರಿದೆ, ನಾಲ್ಕು ಕಡೆ ಚೆಕ್ಕುಬಂದಿಯಿದೆ. ಮಳೆ ನೀರಿಗೆ ಅದು ಯಾವುದೂ ಲೆಕ್ಕಕ್ಕಿಲ್ಲ. ಗುಡ್ಡದ ನೆತ್ತಿಯಿಂದ ಇಳಿದ ನೀರು ಮೇಲಿನವರ ಹೊಲ ದಾಟಿ, ನಿಮ್ಮದನ್ನು ದಾಟಿ ಹಳ್ಳ ಸೇರುತ್ತದೆ. ಹಳ್ಳದಿಂದ ಊರ ಕೆರೆ, ಕೆರೆ ಕೋಡಿ ಬಿದ್ದರೆ ಮುಂದಿನ ಕೆರೆ, ಹೀಗೇ ಸಾಗಿ ಜಯಮಂಗಲಿ. ದೇವರಾಯನದುರ್ಗದಲ್ಲಿ ಹುಟ್ಟುವ ಜಯಮಂಗಲಿ ಉತ್ತರ ಪಿನಾಕಿನಿಗೆ ಸೇರುತ್ತದೆ. ಪಿನಾಕಿನಿ ಆಂಧ್ರವನ್ನು ಹಾದು ನೆಲ್ಲೂರಿನ ಹತ್ತಿರ ಸಮುದ್ರ ಮುಟ್ಟುತ್ತದೆ. ಒಂದು ಹಳ್ಳಕ್ಕೆ ನೀರು ಬಸಿದುಕೊಡುವ ಅಷ್ಟೂ ನೆಲವೇ ಒಂದು ಜಲಾನಯನ. ನಮ್ಮ ಯೋಜನೆಗಳಲ್ಲಿ ಸುಮಾರು 500 ಹೆಕ್ಟೇರನ್ನು ಒಂದು ಕಿರು ಜಲಾನಯನವೆಂದು ಹಿಡಿಯುತ್ತಾರೆ. 2015-16ರ ಕೃಷಿ ಗಣತಿಯ ಪ್ರಕಾರ ರಾಜ್ಯದಲ್ಲಿ ಒಂದು ಹಿಡುವಳಿಯ ಸರಾಸರಿ ವಿಸ್ತೀರ್ಣ 1.36 ಹೆಕ್ಟೇರ್. ಗುಡ್ಡ, ಗೋಮಾಳ, ಊರು ಕಳೆದರೂ ಒಂದು ಹಳ್ಳದ ಹಣೆಬರಹ ಇನ್ನೂರು ಮುನ್ನೂರು ಮನೆಗಳ ಕೈಯಲ್ಲಿದೆ ಎಂದಾಯಿತು. ಎಲ್ಲಿ ಉಳಬೇಕು, ಯಾವ ಕಡೆಗೆ ಉಳಬೇಕು, ಏನು ಬಿತ್ತಬೇಕು, ಯಾವ ಮರ ಉಳಿಸಬೇಕು ಎಂದು ಆ ಮನೆಗಳವರು ತೀರ್ಮಾನಿಸಿದ ಹಾಗೆ ಹಳ್ಳ ಹರಿಯುತ್ತದೆ, ಇಲ್ಲವೇ ಒಣಗುತ್ತದೆ.

ಒಂದು ಸಣ್ಣ ಲೆಕ್ಕ ಮಾಡಿ ನೋಡಿ. ಒಂದು ಎಕರೆ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ನಾಲ್ಕು ಸಾವಿರ ಲೀಟರಿಗಿಂತ ತುಸು ಹೆಚ್ಚು ನೀರು. ಹಸ್ತೆಯ ಮಳೆಯಲ್ಲೋ ಚಿತ್ತೆಯ ಮಳೆಯಲ್ಲೋ ಒಂದೇ ರಾತ್ರಿ 60 ಮಿಲಿಮೀಟರ್ ಸುರಿದರೆ ನಿಮ್ಮ ನಾಲ್ಕು ಎಕರೆ ಮೇಲೆ ಬೀಳುವುದು ಒಂಬತ್ತೂವರೆ ಲಕ್ಷ ಲೀಟರಿಗೂ ಮಿಕ್ಕ ನೀರು. ಅದರಲ್ಲಿ ಕಾಲು ಪಾಲು ಹರಿದುಹೋಯಿತು ಎಂದಿಟ್ಟುಕೊಂಡರೂ ಆರು ಸಾವಿರ ಲೀಟರ್ ಹಿಡಿಯುವ ನಲವತ್ತು ಟ್ಯಾಂಕರ್ ಆಗುತ್ತದೆ. ಏಪ್ರಿಲ್ ತಿಂಗಳಲ್ಲಿ ಅದೇ ಊರಿನಲ್ಲಿ ಒಂದು ಟ್ಯಾಂಕರಿಗೆ ಎಷ್ಟು ಕೊಡುತ್ತಾರೆಂದು ನಿಮಗೆ ನಾನು ಹೇಳಬೇಕಾಗಿಲ್ಲ.

ನೀರೊಂದೇ ಹೋಗುವುದಿಲ್ಲ. ನಮ್ಮ ದೇಶದಲ್ಲಿ ವರ್ಷಕ್ಕೆ ಹೆಕ್ಟೇರಿಗೆ ಸರಾಸರಿ 16 ಟನ್ನಿಗೂ ಹೆಚ್ಚು ಮಣ್ಣು ಕೊಚ್ಚಿಹೋಗುತ್ತದೆಂದು ಮಣ್ಣು ಸಂರಕ್ಷಣೆಯ ವಿಜ್ಞಾನಿಗಳು 1983ರಲ್ಲಿ ಅಂದಾಜು ಮಾಡಿದರು. ಇಂದಿಗೂ ಹಲವರು ಉಲ್ಲೇಖಿಸುವುದು ಆ ಅಂಕಿಯನ್ನೇ. ಹೊಲದ ಮೇಲೆ ಹರಡಿದರೆ ಅದರ ದಪ್ಪ ಒಂದು ಮಿಲಿಮೀಟರಿಗಿಂತ ಸ್ವಲ್ಪ ಹೆಚ್ಚು, ಅಷ್ಟೇ. ಕಣ್ಣಿಗೆ ಬೀಳುವುದಿಲ್ಲ. ಆದರೆ ಕೊಚ್ಚಿಹೋಗುವುದು ಮೇಲ್ಪದರದ ನುಣ್ಣನೆ ಮಣ್ಣು; ತಿಪ್ಪೆಗೊಬ್ಬರದ ಸಾರವೂ ಅಂಗಡಿ ಗೊಬ್ಬರದ ಸಾರವೂ ಅಂಟಿಕೊಂಡಿರುವುದು ಅದಕ್ಕೇ. ಹಿಂದೆ ಉಳಿಯುವುದು ಗರಸು. ಮೇಲಿನ ಹೊಲ ಬಡವಾಗುತ್ತದೆ, ಕೆಳಗಿನ ಕೆರೆ ಹೂಳು ತುಂಬಿ ಸಣ್ಣದಾಗುತ್ತದೆ. ನಷ್ಟ ಒಂದೇ, ಎರಡು ಕಡೆ ತೆರುತ್ತೇವೆ. ನಮ್ಮ ಹಿರಿಯರು ಬೇಸಿಗೆಯಲ್ಲಿ ಕೆರೆ ಅಂಗಳದ ಗೋಡು ಮಣ್ಣನ್ನು ಗಾಡಿಯಲ್ಲಿ ಹೇರಿ ಹೊಲಕ್ಕೆ ತಿರುಗಿ ತರುತ್ತಿದ್ದರಲ್ಲ, ಅವರಿಗೆ ಈ ಲೆಕ್ಕ ಚೆನ್ನಾಗಿ ಗೊತ್ತಿತ್ತು.

ಈಗ ಅಕ್ಕಡಿ ಸಾಲಿನ ಮಾತು. ಎಂಟು ಸಾಲು ರಾಗಿಗೆ ಎರಡು ಸಾಲು ತೊಗರಿ. ಕಡಲೆಕಾಯಿಗೂ ಎಂಟಕ್ಕೆ ಎರಡು. ಅವರೆಯಾದರೆ ಎಂಟಕ್ಕೆ ಒಂದು. ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯದ ಶಿಫಾರಸು ಹೀಗಿದೆ. ಆ ವಿಶ್ವವಿದ್ಯಾನಿಲಯ ಹುಟ್ಟುವ ಎಷ್ಟೋ ಮೊದಲು, 1800ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕನನ್ ಕೂಡ ರಾಗಿಯ ನಡುವೆ ಅವರೆ, ತೊಗರಿ ಸಾಲು ಬಿತ್ತುವುದನ್ನು ಕಂಡು ಬರೆದಿಟ್ಟಿದ್ದಾನೆ. ಹಳ್ಳಿಯವರ ಅಕ್ಕಡಿಯಲ್ಲಿ ಇರುತ್ತಿದ್ದದ್ದು ಒಂದೇ ಕಾಳಲ್ಲ. ತೊಗರಿ, ಅವರೆ, ಅಲಸಂದೆ, ಹುಚ್ಚೆಳ್ಳು, ನಾಲ್ಕು ಕಾಳು ಜೋಳ, ಒಂದು ಚಿಟಿಕೆ ಸಾಸಿವೆ, ಹೊಲದಂಚಿಗೆ ಹರಳು. ಎತ್ತು ಎಳೆಯುವ ಕೂರಿಗೆಯ ಹಿಂದೆ ಬಿದಿರಿನ ಕೊಳವೆ ಹಿಡಿದು ಆ ಕಾಳನ್ನು ಬಿಡುತ್ತಾ ಹೋಗುತ್ತಿದ್ದವರು ಹೆಚ್ಚಾಗಿ ಮನೆಯ ಹೆಂಗಸರು. ಯಾವ ಕಾಳು ಎಷ್ಟು ಎಂಬ ತೀರ್ಮಾನ ಅವರದೇ, ಏಕೆಂದರೆ ವರ್ಷವಿಡೀ ಸಾರು ಮಾಡಬೇಕಾದವರೂ ಅವರೇ.

ಸೆಪ್ಟೆಂಬರಿನಲ್ಲಿ ಅಂಥ ಹೊಲದ ನಡುವೆ ಕೂತು ಮಣ್ಣು ಕೆದಕಿ ನೋಡಿ. ರಾಗಿಯ ಜೊಂಪೆ ಬೇರು ಮೇಲಿನ ಒಂದು ಗೇಣು ಮಣ್ಣನ್ನು ಬಿಗಿಯಾಗಿ ಹಿಡಿದಿರುತ್ತದೆ. ತೊಗರಿಯ ತಾಯಿಬೇರು ಅದನ್ನು ದಾಟಿ ಆಳಕ್ಕೆ ಇಳಿದಿರುತ್ತದೆ. ಮೇಲಿನ ತೇವ ಒಂದಕ್ಕೆ, ಕೆಳಗಿನ ತೇವ ಇನ್ನೊಂದಕ್ಕೆ, ಜಗಳವಿಲ್ಲ. ಅಲಸಂದೆ ನೆಲದ ಮೇಲೆ ಹಬ್ಬಿ ಮಳೆ ಹನಿ ಮಣ್ಣಿಗೆ ನೇರ ಬಡಿಯದಂತೆ ತಡೆಯುತ್ತದೆ. ಬೇಳೆಕಾಳಿನ ಬೇರುಗಂಟಿನಲ್ಲಿರುವ ಜೀವಾಣು ಗಾಳಿಯ ಸಾರಜನಕವನ್ನು ಹಿಡಿದು ಕೊಡುತ್ತದೆ. ನವೆಂಬರಿನಲ್ಲಿ ರಾಗಿ ಕೊಯ್ದಾದ ಮೇಲೂ ಹೊಲ ಬೋಳಾಗುವುದಿಲ್ಲ: ಇಬ್ಬನಿ ಕುಡಿದು ಅವರೆ ಸೊಗಡು ಕಟ್ಟುತ್ತದೆ, ತೊಗರಿ ಸಂಕ್ರಾಂತಿಯವರೆಗೂ ನಿಂತು ಎಲೆ ಉದುರಿಸಿ ನೆಲ ಮುಚ್ಚುತ್ತದೆ.

ಬರಿ ಕಡಲೆಕಾಯಿ ಇಟ್ಟ ಹೊಲವನ್ನು ಇದರ ಪಕ್ಕಕ್ಕಿಟ್ಟು ನೋಡಿ. ಗಿಡ ಕಿತ್ತ ದಿನ ಇಡೀ ಹೊಲದ ಮಣ್ಣು ಸಡಿಲ, ಮೇಲೆ ಒಂದೆಲೆ ನೆರಳಿಲ್ಲ. ನಮ್ಮ ಕಡೆ ದೊಡ್ಡ ಮಳೆ ಬರುವುದೂ ಸೆಪ್ಟೆಂಬರ್, ಅಕ್ಟೋಬರಿನಲ್ಲೇ. ಎರಡು ಸಾಲು ತೊಗರಿ ಇಳಿಜಾರಿಗೆ ಅಡ್ಡಲಾಗಿ ನಿಂತಿದ್ದರೆ ಹರಿವ ನೀರು ಅಲ್ಲಿ ತಡೆದು, ಮಣ್ಣಿಳಿಸಿ, ನಿಧಾನವಾಗುತ್ತದೆ. ‘ಅಡ್ಡಲಾಗಿ’ ಎಂಬ ಮಾತಿಗೆ ಗೆರೆ ಎಳೆದುಕೊಳ್ಳಿ. ಟ್ರ್ಯಾಕ್ಟರಿನವನಿಗೆ ಅವಸರ, ಉದ್ದಕ್ಕೆ ಹೊಡೆದರೆ ತಿರುವು ಕಡಿಮೆ, ಡೀಸೆಲ್ ಉಳಿತಾಯ ಎನ್ನುತ್ತಾನೆ. ಆ ಉದ್ದ ಇಳಿಜಾರಿನ ಉದ್ದವಾದರೆ ಒಂದೊಂದು ಸಾಲೂ ಒಂದೊಂದು ಕಾಲುವೆಯಾಗಿ ಮಣ್ಣನ್ನು ಹಳ್ಳಕ್ಕೆ ಇಳಿಸುತ್ತದೆ. ಅಲ್ಲಿಗೆ ಅಕ್ಕಡಿಯ ಗುಣವೂ ಹೋಯಿತು, ಬದುವಿನ ಗುಣವೂ ಹೋಯಿತು. ಬದುವಿನ ವಿಷಯಕ್ಕೂ ಇದೇ ಮಾತು. ಹೆಚ್ಚಾದ ನೀರು ಹೊರಬೀಳಲು ಕಲ್ಲು ಹಾಸಿದ ಕೋಡಿ ಬಿಡದೆ ಬರಿ ಮಣ್ಣೇರಿಸಿದ ಬದು ಮೊದಲ ಜಡಿಮಳೆಗೇ ಒಡೆಯುತ್ತದೆ. ಒಡೆದ ಬದು ಬದುವಿಲ್ಲದ ಹೊಲಕ್ಕಿಂತ ಕೆಡುಕು, ನೀರೆಲ್ಲ ಒಂದೇ ಕಡೆ ನುಗ್ಗಿ ಕೊರಕಲು ಬೀಳುತ್ತದೆ.

ಕೊಟ್ಟಿಗೆ ಇಲ್ಲದಿದ್ದರೆ ಈ ಬೇಸಾಯ ಅರ್ಧ ಮಾತ್ರ. ರಾಗಿ ಹುಲ್ಲು, ಕಡಲೆಬಳ್ಳಿ, ತೊಗರಿ ಹೊಟ್ಟು ಮಾರಿದರೆ ಬರುವುದು ಅಲ್ಪ. ಹಸು ತಿಂದರೆ ಹಾಲು, ಸಗಣಿ. ಒಂದು ಹಸುವಿನಿಂದ ದಿನಕ್ಕೆ ಹತ್ತು ಕಿಲೋ ಸಗಣಿ ಸಿಕ್ಕರೂ ಎರಡು ಹಸುವಿಗೆ ವರ್ಷಕ್ಕೆ ಏಳು ಟನ್ ಹಸಿಗೊಬ್ಬರ. ಗೊಬ್ಬರ ಬಿದ್ದ ಕೆಮ್ಮಣ್ಣು ಮಳೆ ನೀರನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಬೀಳದ ಮಣ್ಣು ಮೇಲೆ ಹಕ್ಕಳೆಗಟ್ಟಿ ನೀರನ್ನು ಆಚೆಗೆ ನೂಕುತ್ತದೆ. ಹಾಗಾಗಿ ನಿಮ್ಮ ತಿಪ್ಪೆಗೂ ಕೆಳಗಿನವರ ಬಾವಿಗೂ ನಿಜವಾದ ಸಂಬಂಧವಿದೆ. ಒಂದು ಎಚ್ಚರಿಕೆ: ನೀರಾವರಿಯಿಲ್ಲದ ನಾಲ್ಕು ಎಕರೆಗೆ ಐದಾರು ಸೀಮೆ ಹಸು ಕಟ್ಟಬೇಡಿ. ಅವುಗಳ ಹಸಿಮೇವಿಗೆಂದೇ ಬೋರ್ ಕೊರೆಸಬೇಕಾಗುತ್ತದೆ. ಒಂದು ಸೀಮೆ ಹಸು, ಒಂದು ನಾಟಿ, ಕೆಲವು ಕುರಿ ಈ ನೆಲಕ್ಕೆ ಸರಿಯಾದ ಅಳತೆ ಎಂದು ನನಗನ್ನಿಸುತ್ತದೆ.

ಹಣದ ಮಾತಿಗೆ ಬರೋಣ, ನೀವು ಕೇಳಿದ್ದು ಅದನ್ನೇ ಅಲ್ಲವೇ. ಒಂದೇ ಬೆಳೆ ಬೆಳೆದವರಿಗೆ ದುಡ್ಡು ವರ್ಷಕ್ಕೊಮ್ಮೆ ಬರುತ್ತದೆ, ಖರ್ಚು ತಿಂಗಳು ತಿಂಗಳೂ ಇರುತ್ತದೆ. ನಡುವಿನ ಹನ್ನೊಂದು ತಿಂಗಳನ್ನು ಬಡ್ಡಿ ಸಾಲ ತುಂಬುತ್ತದೆ. ಮಿಶ್ರ ಬೇಸಾಯದ ಮನೆಯಲ್ಲಿ ಡೇರಿ ಬಟವಾಡೆ ವಾರಕ್ಕೋ ಹದಿನೈದು ದಿನಕ್ಕೋ ಬರುತ್ತದೆ. ಅದರಲ್ಲಿ ಉಪ್ಪು, ಎಣ್ಣೆ, ಬಸ್ಸಿನ ಖರ್ಚು ಕಳೆಯುತ್ತದೆ. ಮಕ್ಕಳ ಫೀಸಿಗೋ ಆಸ್ಪತ್ರೆಗೋ ಎರಡು ಕುರಿ ಸಂತೆಗೆ ಹೋಗುತ್ತವೆ. ಅಕ್ಟೋಬರಿನಲ್ಲಿ ಕಡಲೆಕಾಯಿ, ನವೆಂಬರಿನಲ್ಲಿ ರಾಗಿ, ಡಿಸೆಂಬರಿನಲ್ಲಿ ಅವರೆಕಾಯಿ, ಜನವರಿಯಲ್ಲಿ ತೊಗರಿ, ಶಿವರಾತ್ರಿ ಹೊತ್ತಿಗೆ ಹುಣಸೆ. ಯಾವುದೂ ದೊಡ್ಡ ಮೊತ್ತವಲ್ಲ, ಆದರೆ ಸಾಲ ಕೊಡುವವನ ಬಾಗಿಲಿಗೆ ಹೋಗುವ ಪ್ರಸಂಗವನ್ನು ಒಂದೊಂದೂ ಒಂದೊಂದು ತಿಂಗಳು ಮುಂದಕ್ಕೆ ಹಾಕುತ್ತದೆ. ಮನೆಯಲ್ಲೇ ಉಂಡ ರಾಗಿ, ಕಾಳು, ಮೊಟ್ಟೆ, ಮಜ್ಜಿಗೆಯನ್ನು ಯಾರೂ ಆದಾಯವೆಂದು ಬರೆದಿಡುವುದಿಲ್ಲ. ಅಂಗಡಿಯ ಬೆಲೆ ಹಾಕಿ ಒಂದು ವರ್ಷ ಬರೆದಿಟ್ಟು ನೋಡಿ, ನಿಮಗೇ ಆಶ್ಚರ್ಯವಾಗುತ್ತದೆ.

ಬರದ ವರ್ಷದಲ್ಲಿ ಇದರ ಬೆಲೆ ಇನ್ನೂ ಚೆನ್ನಾಗಿ ತಿಳಿಯುತ್ತದೆ. 2023ರಲ್ಲಿ ರಾಜ್ಯದ 223 ತಾಲ್ಲೂಕುಗಳನ್ನು ಬರಪೀಡಿತ ಎಂದು ಸರ್ಕಾರ ಸಾರಿತು. ಅಂಥ ವರ್ಷ ಕಡಲೆಕಾಯಿ ಕಾಯಿ ಕಟ್ಟುವ ಹೊತ್ತಿಗೆ ಮಳೆ ಕೈಕೊಟ್ಟರೆ ಬೀಜದ ದುಡ್ಡೂ ಹುಟ್ಟುವುದಿಲ್ಲ. ರಾಗಿ ತೆನೆ ಜೊಳ್ಳಾದರೂ ಹುಲ್ಲು ಸಿಗುತ್ತದೆ, ಹಿಂಗಾರಿನ ಒಂದು ಹದಮಳೆ ಬಿದ್ದರೂ ತೊಗರಿ ಚೇತರಿಸಿಕೊಳ್ಳುತ್ತದೆ, ತಡವಾದರೆ ಹುರುಳಿ ಚೆಲ್ಲಬಹುದು. ಒಳ್ಳೆಯ ವರ್ಷದಲ್ಲಿ ಬೇರೆ ಬೇಸಾಯ ಇದಕ್ಕಿಂತ ಹೆಚ್ಚು ಗಳಿಸಬಹುದು, ಒಪ್ಪುತ್ತೇನೆ. ಆದರೆ ಪೂರ್ತಿ ಮುಳುಗುವ ವರ್ಷ ಇದರಲ್ಲಿ ಕಡಿಮೆ. ನಾಲ್ಕೆಕರೆಯವನು ಎದ್ದೇಳಲಾಗದಂತೆ ಬೀಳುವುದು ಅಂಥ ಒಂದೇ ವರ್ಷದಲ್ಲಿ.

ಕಷ್ಟಗಳನ್ನು ಮುಚ್ಚಿಡುವುದಿಲ್ಲ. ನಾಲ್ಕು ಬೆಳೆ ಎಂದರೆ ನಾಲ್ಕು ಸಲ ಕೊಯ್ಲು. ಕಟಾವು ಯಂತ್ರ ಅಕ್ಕಡಿ ಹೊಲಕ್ಕೆ ಇಳಿಯಲಾರದು. ಕಳೆ ತೆಗೆಯುವುದು, ಕಾಳು ಒಕ್ಕುವುದು, ಸಗಣಿ ಬಾಚುವುದು, ಹಾಲು ಕರೆಯುವುದು ಬಹುಪಾಲು ಹೆಂಗಸರ ಮೈಮೇಲೆ ಬೀಳುತ್ತದೆ. ಮಿಶ್ರ ಬೇಸಾಯವನ್ನು ಹೊಗಳಿ ಬರೆಯುವವರು ಈ ಮಾತನ್ನು ಬಿಟ್ಟುಬಿಡುತ್ತಾರೆ, ಅದು ನನಗೆ ಸರಿಬರುವುದಿಲ್ಲ. ನೀವು ಹೊಲಕ್ಕೆ ಮರಳುವುದಾದರೆ ಈ ದುಡಿಮೆಯನ್ನು ಹಂಚಿಕೊಳ್ಳುವ ತೀರ್ಮಾನವನ್ನು ಮನೆಯವರ ಜೊತೆ ಕೂತು ಮೊದಲೇ ಮಾಡಿ. ಅಕ್ಕಪಕ್ಕದ ಹೊಲದವರೊಂದಿಗೆ ಒಬ್ಬರಿಗೊಬ್ಬರು ದುಡಿದುಕೊಡುವ ಮುಯ್ಯಾಳು ಪದ್ಧತಿ ಇನ್ನೂ ಉಳಿದಿದ್ದರೆ ಅದನ್ನು ಕೈಬಿಡಬೇಡಿ.

ಮಾರುಕಟ್ಟೆಯೂ ಒಂದೇ ಬೆಳೆಯವರಿಗೆ ಅನುಕೂಲವಾಗಿದೆ. 2025-26ರ ಬೆಂಬಲ ಬೆಲೆ ಕ್ವಿಂಟಲಿಗೆ ರಾಗಿಗೆ 4,886, ತೊಗರಿಗೆ 8,000, ಹುಚ್ಚೆಳ್ಳಿಗೆ 9,537 ರೂಪಾಯಿ. ಅವರೆಗೆ, ಹುರುಳಿಗೆ ಬೆಂಬಲ ಬೆಲೆಯೇ ಇಲ್ಲ. ಅರ್ಧ ಕ್ವಿಂಟಲ್ ಹುಚ್ಚೆಳ್ಳು ಹೊತ್ತು ಹೋದ ಸಣ್ಣ ರೈತ ಘೋಷಿತ ಬೆಲೆಯನ್ನು ಕಾಗದದಲ್ಲಿ ನೋಡುತ್ತಾನೆ, ದಲ್ಲಾಳಿ ಹೇಳಿದ ಬೆಲೆಗೆ ಕೊಟ್ಟು ಬರುತ್ತಾನೆ. ಅಕ್ಕಡಿ ಕಾಳನ್ನು ಸಣ್ಣ ಸಣ್ಣ ಪ್ರಮಾಣದಲ್ಲೇ ಕೊಂಡು ಶಾಲೆಯ ಬಿಸಿಯೂಟಕ್ಕೆ, ಹಾಸ್ಟೆಲುಗಳಿಗೆ ಕೊಡುವ ಏರ್ಪಾಡು ಆಗಬೇಕು. ಇದು ಕೃಷಿ ಇಲಾಖೆಯೊಂದರ ಕೈಯಲ್ಲಾಗುವ ಕೆಲಸವಲ್ಲ, ಆದರೂ ಅಸಾಧ್ಯವೇನೂ ಅಲ್ಲ.

ಬದುವಿನಾಚೆಯ ಲಾಭ ಎಂದೆನಲ್ಲ, ಅದಕ್ಕೆ ಒಂದು ನಿಜ ಕಥೆ. ಚಂಡೀಗಢದಲ್ಲಿ 1958ರಲ್ಲಿ ಕಟ್ಟಿದ ಸುಖ್ನಾ ಕೆರೆ ಕೆಲವೇ ವರ್ಷಗಳಲ್ಲಿ ಹೂಳು ತುಂಬತೊಡಗಿತು. ಹೂಳೆತ್ತಿದರೂ ತೀರಲಿಲ್ಲ. ಆ ಹೂಳು ಹೆಚ್ಚಾಗಿ ಬರುತ್ತಿದ್ದದ್ದು ಹರಿಯಾಣದ ಶಿವಾಲಿಕ್ ಬೆಟ್ಟದಲ್ಲಿರುವ ಸುಖೋಮಾಜ್ರಿ ಎಂಬ ಸಣ್ಣ ಹಳ್ಳಿಯ ಕಡೆಯಿಂದ. ಮೇವಿಲ್ಲದ ಜನ ಬೋಳುಬೆಟ್ಟದ ಮೇಲೆ ಆಡು ಮೇಯಿಸುತ್ತಿದ್ದರು. ಎಪ್ಪತ್ತರ ದಶಕದಲ್ಲಿ ಮಣ್ಣು ಸಂರಕ್ಷಣೆಯ ವಿಜ್ಞಾನಿ ಪಿ. ಆರ್. ಮಿಶ್ರಾ ಅಲ್ಲಿ ಸಣ್ಣ ಮಣ್ಣಿನ ಕಟ್ಟೆಗಳನ್ನು ಕಟ್ಟಿಸಿದರು. ಕೆಲಸ ಹಿಡಿದದ್ದು ಕಟ್ಟೆಯಿಂದ ಮಾತ್ರವಲ್ಲ, ಹಂಚಿಕೆಯಿಂದ. ಹೊಲವಿರಲಿ ಇಲ್ಲದಿರಲಿ, ಪ್ರತಿ ಮನೆಗೂ ನೀರಿನಲ್ಲಿ ಸಮಪಾಲು ಎಂದಾಯಿತು. ಭೂಮಿಯಿಲ್ಲದವನಿಗೂ ಬೆಟ್ಟ ಕಾಯುವುದರಲ್ಲಿ ಲಾಭ ಕಂಡಿತು. ಆಡು ಕಡಿಮೆಯಾಗಿ ಕೊಟ್ಟಿಗೆಗೆ ಎಮ್ಮೆ ಬಂತು, ಬೆಟ್ಟದಲ್ಲಿ ಹುಲ್ಲು ಬೆಳೆಯಿತು, ಕೆಳಗೆ ನಗರದ ಕೆರೆಗೆ ಹರಿಯುವ ಹೂಳು ಇಳಿಯಿತು. ನಗರದ ಕೆರೆ ಉಳಿದದ್ದು ಮೇಲಿನ ಹಳ್ಳಿಯ ಬಡವರ ಹೊಟ್ಟೆಪಾಡು ಸುಧಾರಿಸಿದ್ದರಿಂದ.

ನಮ್ಮಲ್ಲೂ 2001ರಿಂದ 2009ರವರೆಗೆ ವಿಶ್ವಬ್ಯಾಂಕಿನ ನೆರವಿನ ಸುಜಲ ಯೋಜನೆ ಕೋಲಾರ, ತುಮಕೂರು, ಚಿತ್ರದುರ್ಗ, ಧಾರವಾಡ, ಹಾವೇರಿ ಜಿಲ್ಲೆಗಳಲ್ಲಿ ನಡೆಯಿತು. ಹಳ್ಳದ ನೆತ್ತಿಯಿಂದ ಕೆಳಕ್ಕೆ ಕೆಲಸ ಮಾಡುತ್ತಾ ಬರುವುದು, ರೈತರೂ ವಂತಿಗೆ ಹಾಕುವುದು, ಭೂಮಿಯಿಲ್ಲದವರಿಗೆ ಸ್ವಸಹಾಯ ಸಂಘಗಳ ಮೂಲಕ ಕುರಿ ಸಾಕಣೆಗೋ ಸಣ್ಣ ಕಸುಬಿಗೋ ನೆರವು ಕೊಡುವುದು ಅದರ ಕ್ರಮ. ಬದು, ಹೊಂಡ, ತಡೆ ಅಣೆ ಬಂದವು, ಹಣ್ಣಿನ ಗಿಡ ಬಂದವು. ಆದರೆ ಇಂಥ ಕೆಲಸಕ್ಕೆ ಒಂದು ದೊಡ್ಡ ಶತ್ರುವಿದೆ. ತಡೆ ಅಣೆಯಿಂದ ಬಾವಿಯಲ್ಲಿ ನೀರೇರಿದ್ದು ಕಂಡ ಕೂಡಲೇ ಪಕ್ಕದಲ್ಲೇ ಹೊಸ ಬೋರ್ ಕೊರೆಯುತ್ತೇವೆ. ನೂರು ಮನೆಯವರು ಮಣ್ಣಿಗೆ ಇಳಿಸಿದ ನೀರನ್ನು ನಾಲ್ಕು ಮನೆಯವರು ಟೊಮೇಟೊಗೆ, ಅಡಿಕೆಗೆ ಎತ್ತಿ ಮುಗಿಸುತ್ತಾರೆ. ಪ್ಲಾಸ್ಟಿಕ್ ಹಾಸಿದ ಕೃಷಿ ಹೊಂಡವೂ ಒಡೆಯನ ಬೆಳೆ ಕಾಯುತ್ತದೆಯೇ ಹೊರತು ಅಂತರ್ಜಲಕ್ಕೆ ಹನಿ ಸೇರಿಸುವುದಿಲ್ಲ. ಬೆಳೆ ಕಾಯಲು ಅದು ಬೇಕು. ಅದೇ ಜಲಾನಯನದ ಕೆಲಸ ಎಂದುಕೊಂಡರೆ ತಪ್ಪು.

ಹಾಗೆ ಬತ್ತಿದ ಹೊಳೆ, ಅರ್ಕಾವತಿ, ಬೆಂಗಳೂರಿನ ಪಕ್ಕದಲ್ಲೇ ಇದೆ. ಅದು ಕುಮುದ್ವತಿಯನ್ನು ಕೂಡುವಲ್ಲಿ 1933ರಲ್ಲಿ ಮುಗಿದ ತಿಪ್ಪಗೊಂಡನಹಳ್ಳಿ ಜಲಾಶಯ ದಶಕಗಳ ಕಾಲ ಬೆಂಗಳೂರಿಗೆ ಕುಡಿಯುವ ನೀರು ಕೊಟ್ಟಿತು. ಆಮೇಲೆ ಒಳಹರಿವು ಕುಸಿಯುತ್ತಾ ಬಂತು. ಬೆಂಗಳೂರಿನ ಪರಿಸರ ಸಂಶೋಧನಾ ಸಂಸ್ಥೆ ಏಟ್ರೀಯ ಸಂಶೋಧಕರು ಹುಡುಕಿದಾಗ ಮಳೆ ಕಡಿಮೆಯಾಗಿದ್ದು ಕಾರಣವೆಂದು ತೋರಲಿಲ್ಲ. ಕೊಳವೆಬಾವಿಗಳಿಂದ ಬತ್ತಿದ ಅಂತರ್ಜಲ, ರಾಗಿ ಹೊಲಗಳ ಜಾಗಕ್ಕೆ ಬಂದ ನೀಲಗಿರಿ ತೋಪುಗಳು ಮುಖ್ಯ ಕಾರಣ ಎಂದರು. ಆಳು ಸಿಗದ, ಬೆಲೆ ಸಿಗದ ರೈತ ರಾಗಿ ಬಿಟ್ಟು ನೀಲಗಿರಿ ನೆಟ್ಟ. ಅವನನ್ನು ನಾನು ದೂರುವುದಿಲ್ಲ. 2017ರಲ್ಲಿ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು. ಆದರೆ ರಾಗಿ, ಅವರೆ, ತೊಗರಿ ಬೆಳೆಯುತ್ತಾ ಹೊಳೆಗೆ ನೀರು ಉಳಿಸುವ ರೈತನಿಗೆ ಕೆಳಗಿನವರು ಇಂದಿಗೂ ಏನೂ ಕೊಡುತ್ತಿಲ್ಲ. ದೂರದ ಕಾವೇರಿಯಿಂದ ನೀರೆತ್ತಲು ಖರ್ಚು ಮಾಡುವ ನಗರಕ್ಕೆ, ತನ್ನ ಜಲಾನಯನದ ರೈತನಿಗೆ ಎಕರೆಗಿಷ್ಟೆಂದು ಪ್ರೋತ್ಸಾಹಧನ ಕೊಡುವುದು ಭಾರವಲ್ಲ. ಹಾಲಿಗೆ ಲೀಟರಿಗಿಷ್ಟು ಪ್ರೋತ್ಸಾಹಧನ ಕೊಡುವ ರಾಜ್ಯ ನಮ್ಮದು. ಮಣ್ಣು, ನೀರು ಉಳಿಸಿದ ಹೊಲಕ್ಕೂ ಕೊಡಲೇಬೇಕು. ದಾನವೆಂದಲ್ಲ, ಸಂದಾಯವಾಗಬೇಕಾದ ಬಾಕಿಯೆಂದು.

ಆ ಪ್ರೋತ್ಸಾಹಧನ ಬರುವವರೆಗೆ ಕಾಯಬೇಡಿ. ಈ ಬೇಸಿಗೆಯಲ್ಲಿ ಮಣ್ಣು ಪರೀಕ್ಷೆ ಮಾಡಿಸಿ. 2009ರಲ್ಲಿ ಶುರುವಾದ ಭೂಚೇತನ ಕಾರ್ಯಕ್ರಮದ ಪರೀಕ್ಷೆಗಳಲ್ಲಿ ನಮ್ಮ ಒಣಭೂಮಿಯ ಹಲವು ಕಡೆ ಗಂಧಕ, ಸತು, ಬೋರಾನ್ ಕೊರತೆ ಕಂಡುಬಂದಿತ್ತು. ನಿಮ್ಮಲ್ಲಿ ಯಾವುದು ಕಡಿಮೆಯೋ ತಿಳಿದುಕೊಂಡು ಅದನ್ನಷ್ಟೇ ಹಾಕಿ. ಬದುವಿನ ಮೇಲಿನ ಹೊಂಗೆ, ಹುಣಸೆ ಕಡಿಸಬೇಡಿ. ಬೋರ್ ಕೊರೆಸಲು ಕೂಡಿಟ್ಟ ದುಡ್ಡಿನಲ್ಲಿ ಬದುಗಳಿಗೆ ಕಲ್ಲಿನ ಕೋಡಿ ಕಟ್ಟಿಸಿ, ಎರಡು ಹಸು ತನ್ನಿ, ಉಳಿದದ್ದನ್ನು ಬ್ಯಾಂಕಿನಲ್ಲಿ ಬಿಡಿ. ಮುಂಗಾರು ಬಿತ್ತನೆಗೆ ಟ್ರ್ಯಾಕ್ಟರ್ ಬಂದ ದಿನ ಹೊಲದಲ್ಲೇ ಇದ್ದು ಇಳಿಜಾರಿಗೆ ಅಡ್ಡಲಾಗಿ ಸಾಲು ಹೊಡೆಸಿ. ನಾಲ್ಕೂ ಎಕರೆಗೆ ಧೈರ್ಯ ಸಾಲದಿದ್ದರೆ ಎರಡು ಎಕರೆಯಲ್ಲಿ ಅಕ್ಕಡಿ, ಉಳಿದೆರಡರಲ್ಲಿ ಒಂದೇ ಬೆಳೆ ಹಾಕಿ, ಎರಡು ಕಡೆಯ ಖರ್ಚು, ಆದಾಯ ಬೇರೆ ಬೇರೆ ಬರೆದಿಡಿ. ಎಲ್ಲಕ್ಕಿಂತ ಮೊದಲು ನಿಮ್ಮ ಮೇಲಿನ ಹೊಲದವರನ್ನೂ ಕೆಳಗಿನ ಹೊಲದವರನ್ನೂ ಒಂದು ಸಂಜೆ ಮನೆಗೆ ಕರೆದು ಬದುವಿನ ಮಾತಾಡಿ, ಮೂವರೂ ಸೇರಿ ಗ್ರಾಮಸಭೆಯಲ್ಲಿ ಆ ಕೆಲಸವನ್ನು ಉದ್ಯೋಗ ಖಾತ್ರಿಯ ಪಟ್ಟಿಗೆ ಸೇರಿಸಲು ಅರ್ಜಿ ಕೊಡಿ.

ಬಿತ್ತನೆಯಾದ ಮೇಲೆ ಬರೆಯಿರಿ.

ಇಂತಿ ನಿಮ್ಮ
ಗೆಳೆಯ